ಗಳೆ, ಕೊಳಗ, ಮಗ್ಗಿ

ಕಣದಲ್ಲಿ ಭತ್ತ ಅಳೆಯುವವನು ಮೊದಲನೆಯ ಕೊಳಗವನ್ನು ಸುರಿಯುವಾಗ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾನೆ. ಆಮೇಲೆ ಎರಡು, ಮೂರು, ನಾಲ್ಕು ಎಂದು ರಾಗವಾಗಿ ಎಣಿಸುತ್ತ ಹೋಗುತ್ತಾನೆ. ಸೊರಬ ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ, ಗೇಣಿ ಮಾಡುವವರ ಮನೆಯಲ್ಲಿ ಹುಟ್ಟಿದ ನನಗೆ ಎಣಿಕೆಯ ಮೊದಲ ಪಾಠವಾದದ್ದು ಈ ರಾಗವೇ. ಒಂದರ ಜಾಗದಲ್ಲಿ ಲಾಭವನ್ನು ಕೂರಿಸಿರುವುದು ಶುಭಕ್ಕಾಗಿ ಎಂದು ಹಿರಿಯರು ಹೇಳುತ್ತಿದ್ದರು. ಅದು ಯಾರ ಲಾಭ ಎಂದು ಕೇಳುವ ಬುದ್ಧಿ ನನಗೆ ಬಂದದ್ದು ಕೆಲವು ವರ್ಷಗಳ ಮೇಲೆ. ಅದಕ್ಕೆ ಕಾರಣವಾದದ್ದು ಮಗ್ಗಿ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಗುಣಾಕಾರವೆಂದರೇನು? ಒಂದೇ ಸಂಖ್ಯೆಯನ್ನು ಮತ್ತೆ ಮತ್ತೆ ಕೂಡುವುದು ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಮುಂದೆ ಶಿಕಾರಿಪುರದಲ್ಲಿ ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಲೆಕ್ಕ ಕಲಿಸಿದ ನಾನೂ ಅದನ್ನೇ ಹೇಳಿಕೊಟ್ಟೆ. ಮಾತು ತಪ್ಪಲ್ಲ; ಆದರೆ ಅದು ಅರ್ಧ ಮಾತು. ಐದು ಬುಟ್ಟಿಗಳಲ್ಲಿ ಎಂಟೆಂಟು ಮಾವಿನಹಣ್ಣಿದ್ದರೆ ಎಂಟನ್ನು ಐದು ಸಲ ಕೂಡಬಹುದು. ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲದ ಜಗಲಿಯನ್ನು ಅಳೆಯುವಾಗ ಯಾವುದನ್ನು ಯಾವುದಕ್ಕೆ ಕೂಡುವುದು? ಅಡಿಗೆ ಅಡಿ ಸೇರಿದರೆ ಮತ್ತೂ ಉದ್ದವಾದ ಅಡಿಯೇ ಆಗಬೇಕು. ಇಲ್ಲಿ ಹಾಗಾಗುವುದಿಲ್ಲ, ಅಡಿಯೂ ಅಡಿಯೂ ಕೂಡಿ ನೆಲವಾಗುತ್ತದೆ. ಗೆರೆಗಳಿಂದ ನೆಲ ಹುಟ್ಟುವ ಈ ಸೋಜಿಗವನ್ನು ಬರಿಯ ಕೂಡುವಿಕೆಯ ಮಾತಿನಿಂದ ವಿವರಿಸಲಾಗದು. ನೆಲವನ್ನು ನಂಬಿ ಬದುಕಿದ ನಮ್ಮ ಸೀಮೆಯ ಜನಕ್ಕೆ ಗುಣಾಕಾರದ ಮುಖ್ಯಾರ್ಥ ಇದೇ ಆಗಿತ್ತೆಂದು ನನಗೆ ತೋರುತ್ತದೆ.

ಪದಗಳನ್ನೇ ನೋಡಿ. 'ಗುಣ' ಎಂದರೆ ಸಂಸ್ಕೃತದಲ್ಲಿ ಹಗ್ಗದ ಎಳೆ ಎಂಬ ಅರ್ಥವೂ ಇದೆ. ಮೂರೆಳೆಯ ಹುರಿ ತ್ರಿಗುಣ. ಹಳೆಯ ಗಣಿತಗ್ರಂಥಗಳಲ್ಲಿ ಗುಣಾಕಾರಕ್ಕೆ 'ಹನನ', 'ವಧ' ಎಂಬ ಭಯಂಕರವಾದ ಹೆಸರುಗಳೂ ಇವೆ. ಧೂಳು ಹರಡಿದ ಹಲಗೆಯ ಮೇಲೆ ಲೆಕ್ಕ ಮಾಡುವಾಗ ಹಳೆಯ ಅಂಕಿಗಳನ್ನು ಒಂದೊಂದಾಗಿ ಅಳಿಸಿ ಹೊಸದನ್ನು ಬರೆಯುತ್ತಿದ್ದುದರಿಂದ ಆ ಹೆಸರು ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ಕನ್ನಡದ ಮಾತು ಇವೆರಡಕ್ಕಿಂತ ಸೌಮ್ಯವಾದುದು: 'ಮಡಿ'. ಬಟ್ಟೆಯನ್ನು ಮಡಿಸಿದಂತೆ ಇಮ್ಮಡಿ, ಮುಮ್ಮಡಿ, ನಾಲ್ವಡಿ, ನೂರ್ಮಡಿ. ಅರಸರ ಹೆಸರಿನಲ್ಲಿ ಮಾತ್ರ ಇದರ ಅರ್ಥ ಜಾರಿಹೋಗಿದೆ. ಇಮ್ಮಡಿ ಪುಲಿಕೇಶಿ ಎಂದರೆ ಎರಡನೆಯ ಪುಲಿಕೇಶಿಯೇ ಹೊರತು ಮೊದಲಿನವನ ಎರಡರಷ್ಟು ಎಂದಲ್ಲ. ಆದರೆ ಕಲ್ಯಾಣದ ಚಾಲುಕ್ಯರ ವಂಶವನ್ನು 973ರಲ್ಲಿ ನೆಲೆಗೊಳಿಸಿದ ತೈಲಪನನ್ನು 'ನೂರ್ಮಡಿ ತೈಲ' ಎಂದು ಕರೆದಾಗ ಅಲ್ಲಿ ಗುಣಾಕಾರವೇ ಇದೆ. ಅವನಿಗಿಂತ ಮುಂಚೆ ತೊಂಬತ್ತೊಂಬತ್ತು ತೈಲರು ಆಳಿರಲಿಲ್ಲವಷ್ಟೆ.

ಕನ್ನಡ ನಾಡು ಗಣಿತಕ್ಕೆ ಕೊಟ್ಟ ದೊಡ್ಡ ಹೆಸರು ಮಹಾವೀರಾಚಾರ್ಯನದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ವೇಳೆಗೆ, ಈ ಜೈನ ಪಂಡಿತನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದನು. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊರಬಂದದ್ದು ನಮ್ಮ ಜಿಲ್ಲೆಯದೇ ಆದ ಹೊಂಬುಜದಿಂದ. ಮಹಾವೀರನು ಗಣಿತದ ಎಂಟು ಪರಿಕರ್ಮಗಳನ್ನು ಹೇಳುವಾಗ ಕೂಡುವುದರಿಂದ ತೊಡಗುವುದಿಲ್ಲ, ಗುಣಾಕಾರದಿಂದಲೇ ತೊಡಗುತ್ತಾನೆ. ಅವನು ಅದಕ್ಕೆ ಕೊಡುವ ಹೆಸರು 'ಪ್ರತ್ಯುತ್ಪನ್ನ'. ಕೂಡು ಕಳೆ ಬಲ್ಲವರೇ ತನ್ನ ಬಳಿಗೆ ಬರುತ್ತಾರೆಂದು ಅವನು ಎಣಿಸಿದಂತಿದೆ.

ಅವನ ಲೆಕ್ಕಗಳಲ್ಲಿ ವಿನೋದವೂ ಉಂಟು. 152207ನ್ನು 73ರಿಂದ ಗುಣಿಸಿದರೆ 11111111. 27994681ನ್ನು 441ರಿಂದ ಗುಣಿಸಿದರೆ 12345654321: ಏರಿ ಇಳಿಯುವ ಅಂಕಿಗಳ ಹಾರ. ಇವನ್ನು ಅವನು ಕೊರಳ ಆಭರಣಗಳೆಂದೇ ಕರೆದಿದ್ದಾನೆ. ನನ್ನ ತರಗತಿಯ ಮಕ್ಕಳು ಉತ್ತರ ನೋಡಿ ಮತ್ತೊಮ್ಮೆ ಗುಣಿಸುತ್ತಿದ್ದರು, ತಾವೇ ಎಲ್ಲೋ ತಪ್ಪಿದೆವೆಂದು. ಮೂರು ಶತಮಾನಗಳ ಮೇಲೆ ರಾಜಾದಿತ್ಯನು ಕನ್ನಡದಲ್ಲೇ ಗಣಿತವನ್ನು ಬರೆದ. ಅವನ ಗ್ರಂಥದ ಹೆಸರು 'ವ್ಯವಹಾರ ಗಣಿತ'. ಆಭರಣದಿಂದ ವ್ಯವಹಾರಕ್ಕೆ, ಸಂಸ್ಕೃತದಿಂದ ಕನ್ನಡಕ್ಕೆ: ಈ ಎರಡು ಹೆಜ್ಜೆಗಳು ಒಟ್ಟಿಗೇ ಬಿದ್ದದ್ದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ.

ವ್ಯವಹಾರದ ಈ ವಿದ್ಯೆ ಹಳ್ಳಿಗಳಲ್ಲಿ ಉಳಿದದ್ದು ಕೂಲಿಮಠದ ಐಗಳ ಬಾಯಲ್ಲಿ, ಮಗ್ಗಿಯ ರೂಪದಲ್ಲಿ. ನಾನು ಓದಿದ್ದು ಸರ್ಕಾರಿ ಶಾಲೆಯಲ್ಲಿ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಒಪ್ಪಿಸುವ ಪದ್ಧತಿ ಆ ಹಳೆಯ ಕಾಲದ್ದೇ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಇಪ್ಪತ್ತರ ಮಗ್ಗಿ ಮುಗಿಯಿತೆಂದರೆ ಬಿಡುಗಡೆಯಲ್ಲ. ಆಮೇಲೆ ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳು. ಇವನ್ನು ಈಗಿನವರು ಕೇಳಿರಲಾರರು. ರೂಪಾಯಿಗೆ ಹದಿನಾರು ಆಣೆ, ಹದಿನಾರರಲ್ಲಿ ಒಂದು ಭಾಗ ವೀಸ, ಅರುವತ್ತನಾಲ್ಕರಲ್ಲಿ ಒಂದು ಭಾಗ ಕಾಣಿ ಎಂಬ ಲೋಕದಲ್ಲಿ ಭಿನ್ನರಾಶಿಯೆನ್ನುವುದು ಪಠ್ಯಪುಸ್ತಕದ ವಿಷಯವಾಗಿರಲಿಲ್ಲ, ಅಂಗಡಿಯ ವಿಷಯವಾಗಿತ್ತು.

ಒಂದು ಉದಾಹರಣೆ. ಸೇರಿಗೆ ನಾಲ್ಕೂವರೆ ಆಣೆಯಂತೆ ಮೂರೂವರೆ ಸೇರು ಬೆಲ್ಲಕ್ಕೆ ಎಷ್ಟು? ನಮ್ಮ ಅವ್ವ ಅಕ್ಷರ ಅರಿಯದವಳು. ಅವಳು ಹೇಳುತ್ತಿದ್ದ ರೀತಿ ಹೀಗೆ: ಮೂರು ನಾಲ್ಕ್ಲ ಹನ್ನೆರಡು, ನಾಲ್ಕರ ಅರ್ಧ ಎರಡು, ಮೂರರ ಅರ್ಧ ಒಂದೂವರೆ, ಅರ್ಧದ ಅರ್ಧ ಕಾಲು. ಎಲ್ಲ ಸೇರಿ ಹದಿನೈದು ಮುಕ್ಕಾಲು ಆಣೆ, ರೂಪಾಯಿಗೆ ಕಾಲಾಣೆ ಕಡಿಮೆ. ಒಂದು ಚೌಕ ಗದ್ದೆಯನ್ನು ಬದು ಹಾಕಿ ನಾಲ್ಕು ತುಂಡು ಮಾಡಿ, ಒಂದೊಂದನ್ನೂ ಅಳೆದು ಕೂಡಿಸಿದ ಹಾಗೆ. ಶಾಸ್ತ್ರಗ್ರಂಥಗಳಲ್ಲಿ ಖಂಡಗುಣನವೆಂದು ಕರೆಯುವ ವಿಧಾನಕ್ಕೆ ಇದು ತೀರ ಹತ್ತಿರದ್ದೆಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ಅದರ ಬೆನ್ನಿಗೆ ಕಿಲೋಗ್ರಾಂ, ಮೀಟರು, ಲೀಟರುಗಳು ಬಂದವು. ಆಣೆಯೊಂದಕ್ಕೆ ಆರೂಕಾಲು ಪೈಸೆ ಎಂದು ಕೆಲವು ಕಾಲ ಒದ್ದಾಡಿದ ಅವ್ವ, ಕೊನೆಗೆ ಹತ್ತರ ಲೆಕ್ಕಕ್ಕೆ ಮಗ್ಗಿಯೇ ಬೇಡವೆಂದು ಕಂಡುಕೊಂಡು ತುಸು ನಿರಾಶೆಗೊಂಡಳು.

ಈಗ ನೆಲದ ಮಾತಿಗೆ ಬರೋಣ. ಶಿಕಾರಿಪುರದಿಂದ ಬಳ್ಳಿಗಾವೆಗೆ ಹೋದವರು ಭೇರುಂಡೇಶ್ವರದ ಕಂಬವನ್ನು ನೋಡಿರುತ್ತೀರಿ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ ಬನವಾಸಿ ಪನ್ನಿರ್ಛಾಸಿರವನ್ನು ಆಳುತ್ತಿದ್ದ ಚಾಮುಂಡರಾಯರಸನು 1047ರಲ್ಲಿ ಅದನ್ನು ನಿಲ್ಲಿಸಿದನು. ಎತ್ತರ ಸುಮಾರು 30 ಅಡಿ. ತುದಿಗೆ ಮನುಷ್ಯದೇಹದ ಗಂಡಭೇರುಂಡ. ಅಂದಹಾಗೆ ಬನವಾಸಿ ಹನ್ನೆರಡು ಸಾವಿರ, ಬಂದಳಿಕೆಯ ನಾಗರಖಂಡ ಎಪ್ಪತ್ತು, ಉದ್ರಿಯ ಜಿಡ್ಡುಳಿಗೆ ಎಪ್ಪತ್ತು ಎಂದು ಹೀಗೆ ನಾಡುಗಳ ಹೆಸರಿಗೇ ಸಂಖ್ಯೆ ಅಂಟಿಕೊಂಡಿದ್ದ ಕಾಲ ಅದು. ಎಣಿಕೆಯ ಮೇಲೆ ಆಳ್ವಿಕೆಗೆ ಎಷ್ಟು ಪ್ರೀತಿಯಿತ್ತೆಂದು ಇದರಿಂದ ಊಹಿಸಬಹುದು.

ಆ ಕಂಬದ ಇನ್ನೊಂದು ಸಂಗತಿಯನ್ನು ಪ್ರವಾಸಿಗಳಿಗೆ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಬಳ್ಳಿಗಾವೆಯ ದಾನಶಾಸನಗಳಲ್ಲಿ ನೆಲವನ್ನು 'ಭೇರುಂಡಗಳೆ'ಯಿಂದ ಅಳೆದು ಇಷ್ಟು ಮತ್ತರು ಎಂದು ಕೊಟ್ಟ ಉಲ್ಲೇಖ ಬರುತ್ತದೆ. ಗಳೆ ಎಂದರೆ ಅಳತೆಯ ಕೋಲು. ಮಲೆನಾಡಿನಲ್ಲಿ ಬಿದಿರಿನ ಉದ್ದ ಬೊಂಬಿಗೆ ಗಳ ಎನ್ನುವುದು ಇಂದಿಗೂ ಉಂಟು. ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರಂಥ ವಿದ್ವಾಂಸರು ಈ ಗಳೆಗೂ ಕಂಬಕ್ಕೂ ಸಂಬಂಧವನ್ನು ಊಹಿಸಿದ್ದಾರೆ. ಊಹೆ ಹೇಗೇ ಇರಲಿ, ಶಾಸನ ಬರೆಸಿದವರು ಮತ್ತರು ಎಷ್ಟೆಂದು ಹೇಳಿ ಸುಮ್ಮನಾಗದೆ ಯಾವ ಗಳೆಯಿಂದ ಅಳೆದದ್ದೆಂದು ಹೆಸರು ಹಿಡಿದು ಕೆತ್ತಿಸಿದರಲ್ಲ, ಅಲ್ಲಿ ಗುಣಾಕಾರದ ಗುಟ್ಟಿದೆ.

ಗಳೆ ಇಮ್ಮಡಿಯಾದರೆ ನೆಲ ಇಮ್ಮಡಿಯಾಗುವುದಿಲ್ಲ, ನಾಲ್ವಡಿಯಾಗುತ್ತದೆ. ಉದ್ದವನ್ನೂ ಅದೇ ಗಳೆ ಅಳೆಯುತ್ತದೆ, ಅಗಲವನ್ನೂ ಅದೇ. ಗಳೆಯಲ್ಲಿ ಆದ ಲೋಪ ಒಂದು ಸಲ ಉದ್ದದಲ್ಲಿ, ಇನ್ನೊಂದು ಸಲ ಅಗಲದಲ್ಲಿ, ಹೀಗೆ ಎರಡು ಸಲ ಲೆಕ್ಕಕ್ಕೆ ಸೇರುತ್ತದೆ. ಕೂಡುವಾಗ ಆದ ತಪ್ಪು ಇದ್ದಲ್ಲೇ ಇರುತ್ತದೆ. ಗುಣಿಸುವಾಗ ಆದ ತಪ್ಪು ತಾನೂ ಬೆಳೆಯುತ್ತದೆ.

ಇದನ್ನು ಚೆನ್ನಾಗಿ ಬಲ್ಲವನು ಕೆಳದಿಯ ಶಿವಪ್ಪನಾಯಕ. ನಮ್ಮ ಎರಡು ತಾಲ್ಲೂಕುಗಳ ಸೀಮೆಯನ್ನೂ ಆಳಿದ ಅರಸುಮನೆತನ ಕೆಳದಿಯದು. ಶಿವಪ್ಪನಾಯಕನ ಆಳ್ವಿಕೆ 1645ರಿಂದ 1660ರವರೆಗೆ. 'ಶಿಸ್ತು' ಎಂದರೆ ಈಗ ಸಾಲಾಗಿ ನಿಲ್ಲುವುದು; ಆಗ ಭೂಕಂದಾಯದ ನಿರ್ಣಯ. ಒಂದೊಂದು ಹಳ್ಳಿಯಲ್ಲೂ ಒಂದೊಂದು ಬಗೆಯ ನೆಲವನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ತನ್ನ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಬೆಳೆ, ಅದರ ಬೆಲೆ ಇವುಗಳ ಲೆಕ್ಕವಿಡಿಸಿ, ಸರಾಸರಿ ತೆಗೆದು, ಐವತ್ತು ಸೇರಿನ ಖಂಡುಗಕ್ಕೆ ಒಂದು ಹಣದಂತೆ ಬೆಲೆ ಕಟ್ಟಿ, ಅದರ ಮೂರನೆಯ ಒಂದು ಪಾಲನ್ನು ಅರಮನೆಗೆ ಗೊತ್ತುಮಾಡಿದನೆಂದು ರೈಸ್ ಅವರ ಗ್ಯಾಸೆಟಿಯರು ಹೇಳುತ್ತದೆ.

ಅಡಿಕೆ ತೋಟಗಳಿಗೆ ಬೇರೆ ಅಳತೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲ ಉದ್ದವೇ ಕೋಲು, ಅಂದರೆ 18 ಅಡಿ 6 ಅಂಗುಲ. ಅಷ್ಟು ಜಾಗ ಒಂದು ಮರಕ್ಕೆ. ಅದಕ್ಕೆ 'ದಾಯ' ಎಂದು ಹೆಸರು. ಸಾವಿರ ದಾಯಕ್ಕೆ ತೋಟದ ದರ್ಜೆ ನೋಡಿ 7 ವರಹದಿಂದ 25 ವರಹದವರೆಗೆ ಶಿಸ್ತು. ಈಗಿನ ತೋಟಿಗರಿಗೆ ಇದು ಬಹಳ ಧಾರಾಳವೆನಿಸೀತು. ಅವರು ಒಂಬತ್ತು ಅಡಿಗೊಂದು ಸಸಿ ಇಟ್ಟು ಎಕರೆಗೆ ಸುಮಾರು 540 ಮರ ಎನ್ನುತ್ತಾರೆ. ಒಂಬತ್ತರ ಎರಡರಷ್ಟು ಹದಿನೆಂಟು. ಆದ್ದರಿಂದ ಹಳೆಯ ಒಂದು ದಾಯದಲ್ಲಿ ಇಂದು ನಿಲ್ಲುವುದು ಎರಡು ಮರವಲ್ಲ, ನಾಲ್ಕು.

ದಾಯವನ್ನು ಚೌಕವೆಂದೇ ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಕಾಗದ ಹತ್ತಿರವಿದ್ದವರು ಬರೆದುಕೊಳ್ಳಬಹುದು. ಹದಿನೆಂಟೂವರೆಯನ್ನು ಹದಿನೆಂಟೂವರೆಯಿಂದ ಗುಣಿಸಿದರೆ 342ಕಾಲು ಚದರಡಿ. ಸಾವಿರ ದಾಯಕ್ಕೆ 3,42,250 ಚದರಡಿ, ಅಂದರೆ ಹೆಚ್ಚು ಕಡಿಮೆ 7 ಎಕರೆ 34 ಗುಂಟೆ. ಈಗ ಅಳೆಯುವ ಅಧಿಕಾರಿ ಕೋಲಿನ ತುದಿಯನ್ನು ಅರ್ಧ ಅಡಿ ಮಾತ್ರ ಕತ್ತರಿಸಿದನೆನ್ನಿ. ಹದಿನೆಂಟು ಹದಿನೆಂಟ್ಲ 324. ಅದೇ ತೋಟ, ಅದೇ ಬೇಲಿ, ಅವೇ ಮರಗಳು. ಆದರೆ ಕಡತದಲ್ಲಿ ಸಾವಿರ ದಾಯ ಹೋಗಿ 1056 ದಾಯವಾಗುತ್ತದೆ. ಕೋಲು ಮೊಟಕಾದದ್ದು ನೂರಕ್ಕೆ ಮೂರೂ ಇಲ್ಲ, ತೆರಿಗೆ ಏರಿದ್ದು ನೂರಕ್ಕೆ ಐದೂವರೆಯ ಮೇಲೆ. ಸಾವಿರಕ್ಕೆ 20 ವರಹದ ತೋಟವಾದರೆ ಒಂದು ವರಹಕ್ಕೂ ಮಿಗಿಲಾದ ಹೊರೆ, ಅದೂ ವರ್ಷ ವರ್ಷವೂ. ತೋಟಿಗನು ಮಗ್ಗಿಯಲ್ಲಿ ಎಷ್ಟೇ ನಿಪುಣನಾದರೂ ಇದು ಸಿಕ್ಕುವುದಿಲ್ಲ. ಏಕೆಂದರೆ ಅಧಿಕಾರಿಯ ಗುಣಾಕಾರದಲ್ಲಿ ತಪ್ಪಿಲ್ಲ. ತಪ್ಪು ಇರುವುದು ಕೋಲಿನಲ್ಲಿ. ಅಳತೆ ದೇವಸ್ಥಾನದ ಕಲ್ಲಿನಲ್ಲಿದ್ದರೆ ಅದನ್ನು ಯಾರೂ ಕತ್ತರಿಸುವಂತಿಲ್ಲ. ಅನುಮಾನ ಬಂದವನು ಹಗ್ಗ ಹಿಡಿದು ಹೋಗಿ ತಾಳೆ ನೋಡಬಹುದು. ಶಿವಪ್ಪನಾಯಕನ ಶಿಸ್ತನ್ನು ಹೊಗಳುವವರು ಅವನ ಹನ್ನೆರಡು ವರ್ಷಗಳ ತಾಳ್ಮೆಯನ್ನು ಹೊಗಳುತ್ತಾರೆ. ನನಗೆ ಆ ಮೆಟ್ಟಿಲೇ ದೊಡ್ಡದಾಗಿ ಕಾಣುತ್ತದೆ.

ನೆಲದ ಗಳೆಗೆ ಕಲ್ಲಿನ ಆಸರೆ ಸಿಕ್ಕಿತು. ಕಾಳಿನ ಕೊಳಗಕ್ಕೆ ಸಿಕ್ಕಲಿಲ್ಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಮಗ್ಗಿ ಎಲ್ಲೆಡೆಯೂ ಒಂದೇ. ಆದರೆ ಕೊಳಗಕ್ಕೆ ಎಷ್ಟು ಸೇರು ಎಂಬುದು ಊರಿಂದೂರಿಗೆ, ಮನೆಯಿಂದ ಮನೆಗೆ ಬೇರೆ. ನಮ್ಮ ಅಪ್ಪ ಮಾಡುತ್ತಿದ್ದ ಗದ್ದೆಗೆ ವರ್ಷಕ್ಕೆ ಐದು ಖಂಡುಗ ಗೇಣಿ, ಅಂದರೆ ನೂರು ಕೊಳಗ. ಮನೆಯಲ್ಲಿ ಮೂರು ಸೇರಿನ ಕೊಳಗದಿಂದ ನೂರು ಅಳೆದು ಗಾಡಿಗೆ ಹಾಕಿಕೊಂಡು ಹೋದರೆ ಒಡೆಯರ ಅಂಗಳದಲ್ಲಿ ಅದು ತೊಂಬತ್ತಾರೇ ಆಗುತ್ತಿತ್ತು. ಉಳಿದ ನಾಲ್ಕನ್ನು ಬಿತ್ತನೆಗೆ ಇಟ್ಟ ಭತ್ತದಿಂದ ತುಂಬಿಕೊಡಬೇಕು. ದಾರಿಯಲ್ಲಿ ಭತ್ತ ಒಣಗಿ ಇಳಿಯುತ್ತದೆಂದು ಅಪ್ಪ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ದಾರಿ ಒಂದೂವರೆ ಮೈಲಿ.

1950ರ ಸುಗ್ಗಿಯಲ್ಲಿ ನನಗೆ ಒಂಬತ್ತು ವರ್ಷ. ಗಾಡಿಯಲ್ಲಿ ನಾನೂ ಹೋಗಿದ್ದೆ. ಮುಸ್ಸಂಜೆ ಮನೆಗೆ ಬಂದು ಪಾಟಿ ಹಿಡಿದು ಕುಳಿತೆ. ಮೂರು ನೂರ್ಲ ಮುನ್ನೂರು ಸೇರು ಹೋಗಿದೆ. ಮುನ್ನೂರು ಸೇರು ತೊಂಬತ್ತಾರು ಕೊಳಗವಾಗಬೇಕಾದರೆ ಕೊಳಗಕ್ಕೆ ಮೂರು ಸೇರಿನ ಮೇಲೆ ಅರೆಪಾವು ಇರಬೇಕು. ಅರೆಪಾವು ಸೇರಿನ ಎಂಟನೆಯ ಒಂದು ಭಾಗ, ಒಂದು ಬೊಗಸೆಯೂ ತುಂಬದು. ಕಣ್ಣಿಗೆ ಕಾಣುವಂಥದಲ್ಲ, ಕೊಳಗದ ತಳವನ್ನು ತುಸು ತೆಳ್ಳಗೆ ಕೆತ್ತಿದರೆ ಆಯಿತು. ಆದರೆ ನೂರು ಕೊಳಗಕ್ಕೆ ಹನ್ನೆರಡೂವರೆ ಸೇರು. ಅಂಥ ಒಂದು ಮನೆತನಕ್ಕೆ ನಲವತ್ತು ಒಕ್ಕಲಿದ್ದರೆ ವರ್ಷಕ್ಕೆ ಐನೂರು ಸೇರು. ಯಾರ ಕೈಯಿಂದಲೂ ಯಾರೂ ಕಿತ್ತುಕೊಳ್ಳದೆ, ಒಂದು ಕೆಟ್ಟ ಮಾತಿಲ್ಲದೆ, 'ಲಾಭ, ಎರಡು, ಮೂರು' ಎಂಬ ರಾಗದಲ್ಲಿ.

ಪಾಟಿಯನ್ನು ಅಪ್ಪನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು; ಓದಲು ಬಾರದವರು ಏನು ನೋಡಿದರೋ. "ಲೆಕ್ಕ ಸರಿ ಇರ್‌ಬೋದು ಮಗ. ಹೊರಗೆ ಬಾಯಿ ಬಿಡಬೇಡ. ಗದ್ದೆ ಬಿಡ್ಸಿದ್ರೆ ಮಗ್ಗಿ ಉಣ್ಣಾಕ್ಕೆ ಆಗ್ತದಾ?" ಎಂದರು. ಅವ್ವ ಮಾತಾಡಲಿಲ್ಲ. ಒದ್ದೆ ಬಟ್ಟೆ ತಂದು ಪಾಟಿಯನ್ನು ಒರೆಸಿ ಇಟ್ಟಳು. ಗುಣಾಕಾರಕ್ಕೆ ಹನನವೆಂಬ ಹೆಸರು ಅಳಿಸುವುದರಿಂದ ಬಂತೆಂದು ಮುಂದೆ ಓದಿದಾಗ ನನಗೆ ನೆನಪಾದದ್ದು ಆ ಬಟ್ಟೆ.

ಮರುವರ್ಷವೇ, 1951ರಲ್ಲಿ, ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರು ಅದನ್ನು ಕಟ್ಟಿದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಚಳವಳಿಯ ಚರಿತ್ರೆಯನ್ನು ಬರೆದವರು ಸಮಾಜವಾದ, ಜಾತಿಯ ಅವಮಾನ, ಗೇಣಿದಾರರ ಹಕ್ಕು ಎಂಬ ದೊಡ್ಡ ಮಾತುಗಳನ್ನು ಹೇಳುತ್ತಾರೆ. ಎಲ್ಲವೂ ನಿಜವೇ. ಆದರೆ ಜಗಳ ಹೊತ್ತಿಕೊಂಡ ಕಿಡಿಗಳಲ್ಲಿ ಒಂದು ಕೊಳಗದ ಗಾತ್ರ: ಗೇಣಿ ಭತ್ತವನ್ನು ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆ. ಒಂಬತ್ತು ವರ್ಷದ ಹುಡುಗನೊಬ್ಬ ಪಾಟಿಯ ಮೇಲೆ ಬರೆದು ಅಳಿಸಿದ್ದನ್ನು ಕಾಗೋಡಿನವರು ಅಂಗಳದಲ್ಲಿ ನಿಂತು ಬಾಯಿಬಿಟ್ಟು ಕೇಳಿದರು. ನಮ್ಮೂರಿಗೆ ಸುದ್ದಿ ಬಂದ ರಾತ್ರಿ ಅಪ್ಪ ಊಟ ಮಾಡದೆ ಜಗಲಿಯ ಮೇಲೆ ಕುಳಿತಿದ್ದರು. ಸಂತೋಷದಿಂದಲೋ ಹೆದರಿಕೆಯಿಂದಲೋ ನನಗೆ ತಿಳಿಯಲಿಲ್ಲ.

1974ರ ಭೂಸುಧಾರಣಾ ಕಾಯಿದೆಯ ಮೇಲೆ ಏಳನೆಯ ನಮೂನೆಯ ಅರ್ಜಿ ಬರೆದವನು ನಾನೇ. ಉದ್ದ ಇಷ್ಟು, ಅಗಲ ಇಷ್ಟು, ಒಟ್ಟು ಒಂದು ಎಕರೆ ಮೂವತ್ತೊಂದು ಗುಂಟೆ ಎಂದು ಬರೆಯುವಾಗ ಅಪ್ಪ ಪಕ್ಕದಲ್ಲಿ ಕುಳಿತು ಮೂರು ಸಲ ಗುಣಿಸಿ ನೋಡಲು ಹೇಳಿದರು. ಗದ್ದೆ ನಮ್ಮದಾಯಿತು. ಆ ವರ್ಷದ ಸುಗ್ಗಿಯಲ್ಲಿ ಯಾರಿಗೂ ಅಳೆದು ಕೊಡಬೇಕಾಗಿರಲಿಲ್ಲ. ಮಂಡಿಯಲ್ಲಿ ತೂಕವೂ ಕಿಲೋಗ್ರಾಮಿನಲ್ಲೇ ಆಗುತ್ತಿತ್ತು. ಆದರೂ ಅಪ್ಪ ಅಟ್ಟದಿಂದ ಮೂರು ಸೇರಿನ ಕೊಳಗವನ್ನು ಇಳಿಸಿ, ಒರೆಸಿ, ಕಣದ ನಡುವೆ ಕುಳಿತು ರಾಶಿಯನ್ನೆಲ್ಲ ಒಂದು ಬದಿಯಿಂದ ಇನ್ನೊಂದು ಬದಿಗೆ ಅಳೆದು ಸುರಿದರು. ನಾನು ಎಣಿಕೆ ಹಿಡಿದೆ. ಮೊದಲನೆಯದಕ್ಕೆ ಅವರು ಎಂದಿನಂತೆ 'ಲಾಭ' ಎಂದರು.